ಡಾಕ್ಟರು ಹೇಳಿದ ಪಥ್ಯ

ಡಾಕ್ಟರು ಸೊಸೆಯ ಬೆನ್ನನ್ನು ಒತ್ತಿ ನೋಡಿ ಅತ್ತೆಯ ಕಡೆ ತಿರುಗಿದರು.

"ಹೆರಿಗೆಯಾಗಿ ಆರು ತಿಂಗಳೂ ಆಗಿಲ್ಲ. ಇವ್ರು ಭಾರ ಎತ್ತಲೇಬಾರ್ದು. ಈಗ ಜೋಪಾನ ಮಾಡಿದ್ರೆ ನೋವು ಇಲ್ಲಿಗೇ ನಿಲ್ಲುತ್ತೆ. ಇಲ್ದಿದ್ರೆ ಬೆನ್ನಿನ ಜೊತೆ ಮನಸ್ಸೂ ಕುಗ್ಗಿಹೋಗುತ್ತೆ."

"ಖಂಡಿತ ಡಾಕ್ಟ್ರೇ. ಇವಳೂ ನನ್ನ ಮಗಳಿದ್ದ ಹಾಗೇ," ಎಂದರು ಅತ್ತೆ.

ಸೊಸೆಯ ಕಣ್ಣು ತುಂಬಿತು. ಆ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು.

ಮನೆಗೆ ಬಂದಾಗ ತೊಟ್ಟಿಲಲ್ಲಿ ಮಗು ಅಳುತ್ತಿತ್ತು. ಅವಳು ಬಗ್ಗಿ ಕೈ ಚಾಚಿದಳು. ಅತ್ತೆ ಆ ಕೈಯನ್ನು ತಡೆದರು.

"ಡಾಕ್ಟ್ರು ಏನಂದ್ರು? ಭಾರ ಎತ್ತಬಾರ್ದು ಅಂದ್ರಲ್ವಾ?"

"ಮಗು ಏನು ಭಾರ ಅತ್ತೆ?"

"ದಿನದಿನಕ್ಕೂ ಬೆಳೆಯೋ ಭಾರ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಅತ್ತೆ ಮಗುವನ್ನೆತ್ತಿ, ತೊಟ್ಟಿಲ ಪಕ್ಕ ಕೂತಿದ್ದ, ಮಕ್ಕಳಿಲ್ಲದ ತಮ್ಮ ಮಗಳ ಮಡಿಲಿಗೆ ಹಾಕಿದರು. "ಇನ್ಮೇಲೆ ನಿನ್ನ ಹತ್ರಾನೇ ಇರ್ಲಿ ಕಣೇ. ಬಾಟಲಿ ಹಾಲು ರೂಢಿ ಮಾಡಿಸಿದ್ರಾಯ್ತು."

ಮಗು ಅಳು ನಿಲ್ಲಿಸಲಿಲ್ಲ. ಸೊಸೆಯ ಎದೆಹಾಲು ಜಿನುಗಿ ರವಿಕೆ ಒದ್ದೆಯಾಯಿತು.

ಅತ್ತೆ ಅವಳತ್ತ ತಿರುಗಿದರು. "ಸುಮ್ನೆ ಯಾಕೆ ನಿಂತೆ? ಮಗೂಗೆ ನೀರು ಹಾಕ್ಬೇಕು. ಬೀದಿ ನಲ್ಲಿಯಿಂದ ನಾಲ್ಕು ಕೊಡ ಹೊತ್ತು ತಂದು ಹಂಡೆ ತುಂಬ್ಸು."