ಗೋಡೆಯ ಮೇಲೆ ಬೆಳೆದವಳು

ಶಿವಮಲ್ಲಮ್ಮ ಬೀದಿ ತಿರುಗುವಷ್ಟರಲ್ಲಿ ಷಡಕ್ಷರಿ ಮೇಷ್ಟ್ರ ಜಗಲಿಯ ಗೋಡೆಗೆ ಎರಡನೇ ಕೈ ಸುಣ್ಣ ಬಿದ್ದಾಗಿತ್ತು. ಕಾಳ ಏಣಿಯ ಮೇಲೆ ನಿಂತು ಕತ್ತಾಳೆ ನಾರಿನ ಕುಂಚವನ್ನು ಸೂರಿನವರೆಗೂ ಎಳೆಯುತ್ತಿದ್ದ. ನಾಳೆಯ ಅಡುಗೆಗೆಂದು ಅವಳು ಸೊಂಟದಲ್ಲಿಟ್ಟು ತಂದಿದ್ದ ಅವರೆಕಾಯಿ ಮಂಕರಿ ಜಾರಿ ಬಿತ್ತು.

"ಲೋ ಕಾಳ, ಇಳಿಯೋ ಕೆಳಕ್ಕೆ! ಈ ಗೋಡೆ ಬಳಿ ಅಂತ ಯಾರ್ಲಾ ನಿಂಗೆ ಯೋಳ್ದೋರು?"

"ಮೇಷ್ಟ್ರಮ್ಮೋರೇ ಯೋಳುದ್ರು ಕಣವ್ವ. ಒಂದ್ ಗೋಡೆನೂ ಬುಡಬ್ಯಾಡ ಅಂದ್ರು."

ಮೇಷ್ಟ್ರನ್ನು ಸಮಾಧಿ ಮಾಡಿ ಹೆಚ್ಚು ದಿನವಾಗಿರಲಿಲ್ಲ. ಅಂದು ಎಲ್ಲರೂ ಗುಂಡಿಗೆ ವಿಭೂತಿ, ಬಿಲ್ವಪತ್ರೆ ಹಾಕಿದರೆ, ಶಾಲೆಯ ಮಕ್ಕಳು ಜೇಬಿನಲ್ಲಿದ್ದ ಬಣ್ಣದ ಸೀಮೆಸುಣ್ಣದ ಚೂರುಗಳನ್ನು ಹಾಕಿ ಬಿಕ್ಕಿ ಬಿಕ್ಕಿ ಅತ್ತಿದ್ದವು. ಕಥೆ ಬರೆದು ಅದಕ್ಕೆ ಚಿತ್ರವನ್ನೂ ತಾವೇ ಬರೆಯುತ್ತಿದ್ದ ಆ ಪುಣ್ಯಾತ್ಮರಿಗೆ ಕಾಗದ ಎಂದೂ ಸಾಲಲಿಲ್ಲ. ಮಿಕ್ಕ ಆನೆ, ಕರಡಿ, ಕಾಡುಪಾಪಗಳೆಲ್ಲ ಈ ಗೋಡೆ ಹತ್ತಿದ್ದವು. ದೊಡ್ಡಗಾಜನೂರಿನ ಮಕ್ಕಳು ಅಕ್ಷರಕ್ಕಿಂತ ಮೊದಲು ಓದಿದ್ದು ಈ ಗೋಡೆಯನ್ನೇ. ನಾಳೆ ಅವರ ಶಿವಗಣಾರಾಧನೆ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಬಾಯಲ್ಲಿ ಹೇಳುವುದೇನೋ ಹೌದು, ಆದರೆ ಅಯ್ಯನವರು ಪೂಜೆಗೆ ಬರುವ ಮೊದಲು ಮನೆಗೆ ಸುಣ್ಣ ಕಾಣಿಸದಿದ್ದರೆ ಯಾರಿಗೂ ಸಮಾಧಾನವಿಲ್ಲ.

ಮಾತು ಕೇಳಿ ಮೇಷ್ಟ್ರ ಹೆಂಡತಿ ವಿಶಾಲಾಕ್ಷಮ್ಮ ಹೊರಗೆ ಬಂದರು. ಅತ್ತತ್ತು ಮುಖ ಊದಿತ್ತು.

"ಅಕ್ಕ, ಏನ್ ಮಾಡ್ಸ್‌ಬುಟ್ರಿ! ನನ್ ಮಗಳು ಇದ್ಲಲ್ಲ ಅಲ್ಲಿ!"

ವಿಶಾಲಾಕ್ಷಮ್ಮ ಗೋಡೆ ನೋಡಿದರು. ಆಗಲೇ ಅವರಿಗೆ ಅರಿವಾದದ್ದು. "ಅಯ್ಯೋ ಶಿವನೇ... ಪುಸ್ತಕ ಅಚ್ಚಾಕ್ಸಿದ ದೊಡ್ಡೋರು ಮೈಸೂರಿಂದ ಬತ್ತಾವ್ರೆ ಕಣಮ್ಮಿ. ಮೇಷ್ಟ್ರ ಮನೆ ಮಸಿ ಗೋಡೆ ನೋಡಿ ಏನ್ ಅಂದ್ಕಂಡಾರು ಅಂತ ಎಲ್ಲನೂ ಬಳಿ ಅಂದ್ಬುಟ್ಟೆ. ನಂಗೆ ಗ್ಯಾನವೇ ಇರ್ನಿಲ್ಲ."

ಶಿವಮಲ್ಲಮ್ಮನ ಮಗಳು ದುಂಡಿಯನ್ನು ಊರ ಕಟ್ಟೆಯ ನೀರು ನುಂಗಿದ್ದು ಎಪ್ಪತ್ತೆರಡರ ಮಳೆಗಾಲದಲ್ಲಿ. ಆಗ ಅವಳಿಗೆ ಆರು ವರ್ಷ. ಫೋಟೋ ಹಿಡಿಸಲು ಚಾಮರಾಜನಗರಕ್ಕೆ ಹೋಗಬೇಕಿತ್ತು, ಯಾರು ಹೋಗಿದ್ದರು? ಮೇಷ್ಟ್ರು ಅವಳನ್ನು ತಮ್ಮ ಕಥೆಗೆ ಸೇರಿಸಿಕೊಂಡರು. ಹೊಸದಾಗಿ ಚುಚ್ಚಿಸಿದ ಮೂಗಿನಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡು ಕರುವಿನ ಹಿಂದೆ ಓಡುವ ಹುಡುಗಿ ಎಷ್ಟೋ ಮಕ್ಕಳ ಗೆಳತಿಯಾದಳು. ಆದರೆ ಹೆತ್ತವಳ ಸಂಕಟ ಅಷ್ಟಕ್ಕೇ ತೀರುತ್ತದೆಯೇ? ಅದಕ್ಕೇ ಮೇಷ್ಟ್ರು ಗೋಡೆಯ ಮೇಲೆ ಇನ್ನೊಬ್ಬ ದುಂಡಿಯನ್ನು ಬರೆದರು. ಪುಸ್ತಕದವಳು ಆರಕ್ಕೇ ನಿಂತಳು, ಗೋಡೆಯವಳು ಬೆಳೆದಳು. ಪ್ರತಿ ವರ್ಷ ದೀಪಾವಳಿಯಲ್ಲಿ, ಗುಮಟಾಪುರದ ಸಗಣಿ ಹಬ್ಬದ ಮಾರನೆಯ ದಿನ, ಹಳೆಯದನ್ನು ಕೆರೆದು ತೆಗೆದು, ಜಾಲಿ ಅಂಟು ಕಲಸಿದ ಮಸಿಯಲ್ಲಿ ಅವಳನ್ನು ಒಂದಿಷ್ಟು ಎತ್ತರ ಮಾಡುತ್ತಿದ್ದರು. ಒಂದು ವರ್ಷ ಜಡೆ ಬೆನ್ನಿಗಿಳಿಯಿತು, ಇನ್ನೊಂದು ವರ್ಷ ಲಂಗದ ಅಂಚು ಇಳಿಯಿತು. ಹೋದ ದೀಪಾವಳಿಗೆ ಸೀರೆ ಉಡಿಸಿದ್ದರು. ಶಿವಮಲ್ಲಮ್ಮ ಅಂದು ಮನೆಗೆ ಓಡಿ ಒಬ್ಬಟ್ಟು ಮಾಡಿ ತಂದು ಆ ಗೋಡೆಯ ಮುಂದಿಟ್ಟಿದ್ದಳು. ಇವಳಿಗೆ ತಲೆ ಕೆಟ್ಟಿದೆ ಎಂದು ಬೀದಿಯವರು ನಕ್ಕರು. ನಗಲಿ, ಮಗಳನ್ನು ಕಟ್ಟೆಗೆ ಕೊಟ್ಟವರು ಅವರಲ್ಲ.

"ಪುಸ್ತಕದಲ್ಲಿ ಅವ್ಳೆ ಕಣಮ್ಮಿ, ಒಂದ್ ಕೊಡ್ತೀನಿ, ತಕ್ಕೊಂಡೋಗು" ಎಂದರು ವಿಶಾಲಾಕ್ಷಮ್ಮ.

"ಆ ಕೂಸು ಊರ್ ಮಕ್ಕಳಿಗೆ ಸೇರಿದ್ದು ಅಕ್ಕ. ಆರು ವರ್ಸದ್ದನ್ನ ನಾನು ಮಣ್ಣಿಗಿಟ್ಟು ಬಂದಿವ್ನಿ. ಬೆಳ್ದೋಳು ಬೇಕು ನಂಗೆ."

ಅವಳು ಸೆರಗು ಮುದ್ದೆ ಮಾಡಿ ಗೋಡೆ ಉಜ್ಜಲು ಹೋದಳು. ಕಾಳ ಏಣಿಯಿಂದ ದುಡುದುಡು ಇಳಿದು ಬಂದ.

"ಉಜ್ಜಬ್ಯಾಡಿ ಕಣವ್ವ, ಸುಣ್ಣದ ಜೊತೇಲಿ ಮಸಿನೂ ಎದ್ದು ಬತ್ತದೆ. ನೀರ್ ಎರಚುದ್ರೆ ಕಾಣ್ತದೆ. ಅಸಿ ಸುಣ್ಣ ಏನ್ನೂ ಮುಚ್ಚಕ್ಕಿಲ್ಲ. ಆದ್ರೆ ಒಣಗುದ್ಮೇಲೆ ಎಷ್ಟ್ ನೀರ್ ಎರಚುದ್ರೂ..."

ಅವನು ಮುಗಿಸುವ ಮೊದಲೇ ಶಿವಮಲ್ಲಮ್ಮ ಜಗಲಿಯ ಹಂಡೆಯಿಂದ ಒಂದು ಚೊಂಬು ನೀರು ಮೊಗೆದು ಗೋಡೆಗೆ ಎರಚಿದಳು. ಸುಣ್ಣ ತಿಳಿಯಾಯಿತು. ಅದರ ಹಿಂದಿನಿಂದ ಮೊದಲು ಹಣೆಯ ಬೊಟ್ಟು ಕಂಡಿತು, ಆಮೇಲೆ ಕಣ್ಣು, ಜಡೆ, ಸೀರೆಯ ನೆರಿಗೆ. ದುಂಡಿ ನಗುತ್ತಿದ್ದಳು. ತಾಯಿಯ ಎದೆ ತುಂಬಿ ಬಂತು. "ಅವ್ಳೆ ಅಕ್ಕ, ಅಲ್ಲೇ ಅವ್ಳೆ!" ಎಂದು ಚಿಕ್ಕ ಹುಡುಗಿಯ ಹಾಗೆ ಕೂಗಿದಳು. ಚಿತ್ರ ಮಾಸುತ್ತ ಬಂದಾಗ ಮತ್ತೊಂದು ಚೊಂಬು, ಮತ್ತೊಂದು. ವಿಶಾಲಾಕ್ಷಮ್ಮನವರೂ ಒಳಗಿನಿಂದ ಕುಡಿಯುವ ನೀರಿನ ಕೊಡವನ್ನೇ ಎತ್ತಿ ತಂದು ಎರಚಿದರು. ಇಬ್ಬರ ಸೀರೆಯೂ ತೊಯ್ದು, ಸುಣ್ಣದ ನೀರಿಗೆ ಕೈ ಉರಿಯುತ್ತಿತ್ತು. ಮಿಂಚಿ ಹೋದ ಕೆಲಸವೆಂದು ಕಾಳನಿಗೆ ಗೊತ್ತಿತ್ತು. ಅವನು ತಲೆ ತಗ್ಗಿಸಿ ಕುಂಚ ಹಿಡಿದು ನಿಂತ.

ಹಂಡೆ ಬರಿದಾಯಿತು, ಕೊಡವೂ ಬರಿದಾಯಿತು. ಪಡುವಣ ಮುಖದ ಗೋಡೆ. ಇಳಿಹೊತ್ತಿನ ಬಿಸಿಲು ಅದರ ಬುಡ ಮುಟ್ಟಿ ಮೆಲ್ಲಗೆ ಮೇಲಕ್ಕೆ ಹತ್ತತೊಡಗಿತು. ಅದರ ಜೊತೆಗೇ ಬಿಳುಪೂ ಏರಿತು. ದುಂಡಿಯ ಪಾದ ಹೋಯಿತು, ಮೊಣಕಾಲು ಹೋಯಿತು, ಸೊಂಟ ಹೋಯಿತು. ಬಿಳುಪು ಕುತ್ತಿಗೆ ಮಟ್ಟಕ್ಕೆ ಬಂದಾಗ ವಿಶಾಲಾಕ್ಷಮ್ಮ ಮುಖಕ್ಕೆ ಸೆರಗು ಮುಚ್ಚಿಕೊಂಡರು.

ಶಿವಮಲ್ಲಮ್ಮ ಮುಚ್ಚಿಕೊಳ್ಳಲಿಲ್ಲ. ದುಂಡಿ ಕಟ್ಟೆಯಲ್ಲಿ ಮುಳುಗಿದ ದಿನ ಅವಳು ಹೊಲದಲ್ಲಿದ್ದಳು. ಯಾರೂ ನೋಡಿರಲಿಲ್ಲ. ಈ ಸಲ ಅವಳು ಬರಿದಾದ ಚೊಂಬು ಹಿಡಿದು, ಹಣೆಯ ಬೊಟ್ಟು ಮುಳುಗುವವರೆಗೂ ನಿಂತು ನೋಡಿದಳು.