ಶನಿವಾರದ ಪಾಲಕರ ಪಾಠ

"ನೋಡ್ಕೊಳ್ಳಿ ಮಕ್ಕಳೇ, ಹೋಂವರ್ಕ್ ಮಾಡದೇ ಇದ್ರೆ ಇವ್ರ ಥರ ಆಗ್ತೀರಿ," ಎಂದರು ಮಿಸ್ಸು, ನಗುನಗುತ್ತಲೇ. ಮೂರನೇ ಕ್ಲಾಸು ಗೊಳ್ಳೆಂದಿತು. ಬೋರ್ಡಿನ ಮುಂದೆ ಮುಖವಾಡ ಹಣೆಗೇರಿಸಿ ನಿಂತಿದ್ದ ವೆಲ್ಡರ್ ಕೂಡ ಏನು ಮಾಡಬೇಕೆಂದು ತೋಚದೆ ಹಲ್ಲು ಕಿರಿದ. ಮನೆ, ಶಾಲೆ ಎರಡೂ ಕೈಜೋಡಿಸಬೇಕಂತೆ. ಅದಕ್ಕೇ ಪ್ರತಿ ಶನಿವಾರ ಒಬ್ಬ ಪಾಲಕರನ್ನು ಕರೆಸಿ ಅವರ ಕೆಲಸದ ಬಗ್ಗೆ ಮಾತಾಡಿಸುತ್ತಿದ್ದರು. ಹೋದ ವಾರ ಹಲ್ಲಿನ ಡಾಕ್ಟರು ಬಂದು ಚಪ್ಪಾಳೆ ಗಿಟ್ಟಿಸಿಕೊಂಡು ಹೋಗಿದ್ದರು. ಈ ವಾರ ನೀನೇ ಬರಬೇಕೆಂದು ಅವನ ಪ್ರಾಣ ತಿಂದವಳು ಮಗಳು. "ಆ ಕಪ್ಪು ಗಾಜಿನ ಮುಖವಾಡ ಹಾಕ್ಕೊಂಡು ನಿಂತ್ಕೋ ಅಪ್ಪಾ, ಎಲ್ರೂ ಬೆರಗಾಗ್ತಾರೆ!" ಎಂದಿದ್ದಳು. ಅವಳು ಹೇಳಿದ ಹಾಗೇ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದ್ದರು, ಮಿಸ್ಸು ಆ ಮಾತಾಡುವವರೆಗೆ.

"ಸರಿ, ಯಾರ್ಯಾರಿಗೆ ಇವ್ರ ಥರ ಆಗ್ಬೇಕು? ಕೈ ಎತ್ತಿ ನೋಡೋಣ."

ಎರಡನೇ ಬೆಂಚಿನಲ್ಲಿ ಥಟ್ಟನೆ ಒಂದು ಕೈ ಎದ್ದಿತು. ಅವನ ಮಗಳದು. "ಅಯ್ಯಯ್ಯೋ, ಇವಳು ನೋಡೇ!" ಎಂದು ಪಕ್ಕದವಳು ಕಿಸಕ್ಕೆಂದಳು. ಮಗಳು ಸುತ್ತ ನೋಡಿದಳು. ಬೇರೆ ಒಂದು ಕೈಯೂ ಮೇಲಿರಲಿಲ್ಲ. ಎತ್ತಿದ ಕೈಯನ್ನು ಮೆಲ್ಲಗೆ ಜಡೆಗೆ ಇಳಿಸಿ, ಬಿಗಿಯಾಗಿಯೇ ಇದ್ದ ರಿಬ್ಬನ್ನನ್ನು ಮತ್ತೆ ಬಿಗಿಮಾಡತೊಡಗಿದಳು. ಅಪ್ಪನ ಕಡೆ ಮಾತ್ರ ಕಣ್ಣು ಹಾಯಿಸಲಿಲ್ಲ.

"ನಿಮ್ಮ ಮಗಳು ಜಾಣೆ ಕಣ್ರೀ!" ಎಂದ ಮಿಸ್ಸು ಅವನ ಮುಖ ನೋಡಿ ದನಿ ತಗ್ಗಿಸಿದರು. "ಬೇಜಾರು ಮಾಡ್ಕೊಂಡ್ರಾ? ತಮಾಷೆಗಂದೆ."

ಅವನು ಬೆಂಚುಗಳ ನಡುವೆ, ಇನ್ನೂ ರಿಬ್ಬನ್ ಕಟ್ಟುತ್ತಲೇ ಇದ್ದ ಮಗಳನ್ನು ದಾಟಿ, ಹೊರಗೆ ನಡೆದ.