ಎಷ್ಟಕ್ಕೆ ಏರಿಸಲಿ?

"ಎಷ್ಟಕ್ಕೆ ಏರಿಸಲಮ್ಮಾ?" ಎಂದು ತೀರ್ಪುಗಾರರು ಬಂದು ಕೇಳಿದಾಗ ಕೊಕ್ಕರೆ ಇನ್ನೂ ಮೆತ್ತೆಯ ಮೇಲೆ ಅಂಗಾತ ಬಿದ್ದಿದ್ದಳು. ಉದ್ದ ಕಾಲಿನವಳು ಅಂತ ಶಾಲೆಯಲ್ಲಿ ಯಾರೋ ಇಟ್ಟ ಹೆಸರು ಅದು. ಇಷ್ಟೆಲ್ಲ ಪದಕ ಬಂದರೂ ಬಿಟ್ಟುಹೋಗಿರಲಿಲ್ಲ. ಅವಳ ತಲೆಯ ಮೇಲೆ, ಎರಡು ಕಂಬಗಳ ನಡುವಿನ ಅಡ್ಡ ಬಾರ್ ಒಂದು ಮೀಟರ್ ತೊಂಬತ್ತೆರಡರಲ್ಲಿ ಒಂದಿಷ್ಟೂ ಅಲುಗದೆ ಕೂತಿತ್ತು. ಅಷ್ಟು ಎತ್ತರವನ್ನು ಅವಳು ದಾಟಿದ್ದು ಜನ್ಮದಲ್ಲಿ ಇದೇ ಮೊದಲು. ಉಳಿದವರೆಲ್ಲ ಆಗಲೇ ಸೋತು, ಬೂಟು ಬಿಚ್ಚಿ, ನೀರು ಕುಡಿಯುತ್ತ ಕೂತಿದ್ದರು. ಚಿನ್ನ ಇವಳದೇ, ಅದರಲ್ಲಿ ಎರಡು ಮಾತಿರಲಿಲ್ಲ.

ಆದರೆ ಎತ್ತರ ಜಿಗಿತದ ನ್ಯಾಯವೇ ಬೇರೆ. ಓಟದವರು ಗೆದ್ದರೆ ಗೆದ್ದ ಹಾಗೇ ಮನೆಗೆ ಹೋಗುತ್ತಾರೆ, ಪುಣ್ಯವಂತರು. ಇಲ್ಲಿ ಗೆದ್ದವಳು ಇನ್ನೂ ಮೇಲೆ, ಇನ್ನೂ ಮೇಲೆ ಎಂದು ಬಾರ್ ಏರಿಸಿಕೊಂಡು ಜಿಗಿಯುತ್ತಲೇ ಇರಬಹುದು. ಸತತವಾಗಿ ಮೂರು ಸಲ ಬೀಳಿಸಿದಾಗಲೇ ಆಟ ಮುಗಿಯುವುದು. ಸಾಕು ಎನ್ನಲೂಬಹುದು, ಆದರೆ ಯಾರೂ ಅನ್ನುವುದಿಲ್ಲ. ಹೀಗಾಗಿ ಸೋತವರೂ ಬೀಳಿಸಿಯೇ ಹೋಗುತ್ತಾರೆ, ಗೆದ್ದವರೂ ಬೀಳಿಸಿಯೇ ಹೋಗುತ್ತಾರೆ. ಕೊಕ್ಕರೆ ಹನ್ನೊಂದು ವರ್ಷದಲ್ಲಿ ಮೂವತ್ತೊಂದು ಚಿನ್ನ ಗೆದ್ದಿದ್ದಳು. ಮೂವತ್ತೊಂದು ಸಲವೂ ಬಾರ್ ಬಿದ್ದ ಸದ್ದನ್ನೇ ಕಿವಿಯಲ್ಲಿ ತುಂಬಿಕೊಂಡು ಬಸ್ಸು ಹತ್ತಿದ್ದಳು. ಹೋದ ತಿಂಗಳಂತೂ ಕೊರಳಲ್ಲಿ ಪದಕ ಹಾಕಿಕೊಂಡೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟಿದ್ದಳು. ಪಕ್ಕದ ಸೀಟಿನ ಹೆಂಗಸು ಕರುಳು ಚುರುಕ್ಕೆಂದು ಒಂದು ಬಾಳೆಹಣ್ಣು ಕೊಟ್ಟು, "ಸೋತ್ರೇನಂತೆ, ಮುಂದಿನ್ಸಲ ಗೆಲ್ತೀಯ ಬಿಡು" ಎಂದಿದ್ದಳು. ಇನ್ನೊಂದು ಸಲ ಹೀಗಾದರೆ ಆಟವನ್ನೇ ಬಿಟ್ಟುಬಿಡುವುದು ಎಂದು ಕೊಕ್ಕರೆ ಅಂದೇ ಗಟ್ಟಿ ಮಾಡಿಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ.

"ತೊಂಬತ್ತೈದು ಅನ್ನೇ!" ಬೇಲಿಯ ಆಚೆಯಿಂದ ಅಕ್ಕ ಕೂಗಿದಳು. ಒಡಹುಟ್ಟಿದ ಅಕ್ಕ, ಮೇಲಾಗಿ ಕೋಚ್. ಬೈಯುವುದಕ್ಕೆ ಅವಳಿಗೆ ಎರಡೆರಡು ಅಧಿಕಾರ. "ದಾಖಲೆ ಇರೋದು ತೊಂಬತ್ತನಾಲ್ಕು. ಮೈ ಬಿಸಿ ಇದೆ, ಮೂರು ಅವಕಾಶ ಇದೆ. ಇನ್ನೇನೇ ಯೋಚನೆ?"

ಕೊಕ್ಕರೆ ಎದ್ದು ಬೇಲಿಯ ಹತ್ತಿರ ಬಂದಳು. "ಅಕ್ಕಾ, ಸಾಕು ಅನ್ನಿಸ್ತಿದೆ."

"ಯಾಕೆ, ಕಾಲು ನೋವಾ?"

"ಕಾಲು ಚೆನ್ನಾಗೇ ಇದೆ."

"ಮತ್ತೆ? ಹೊಟ್ಟೆ ತುಂಬಿಹೋಯ್ತಾ? ಹೊಟ್ಟೆ ತುಂಬಿದೋರು ಜಿಗಿಯಲ್ಲ ಕಣೇ. ಬೀಳಿಸಿದ್ದು ಮನಸ್ಸಲ್ಲಿ ಚುಚ್ತಾ ಇದ್ರೇನೇ ಬೆಳಿಗ್ಗೆ ಐದಕ್ಕೆ ಏಳೋಕಾಗೋದು. ಎಷ್ಟು ಸಲ ಹೇಳಿಲ್ಲ ನಿಂಗೆ?"

"ಹೇಳಿದೀಯ. ಚುಚ್ಚೀ ಚುಚ್ಚೀ ಈಗ ಏಳೋದಕ್ಕೇ ಆಗ್ತಿಲ್ಲ. ಒಂದು ತಿಂಗಳಾಯ್ತು, ಅಲಾರಾಂ ಹೊಡೆದ್ರೆ ಸಾಕು, ಅಳು ಬರುತ್ತೆ."

"ಅಳ್ತಿದ್ಯಾ? ನಂಗ್ಯಾಕೆ ಹೇಳ್ಲಿಲ್ಲ?"

"ಬೈತೀಯ ಅಂತ." ಅವಳು ಮೂಗು ಒರೆಸಿಕೊಂಡಳು. "ಈ ಜಿಗಿತ ಎಷ್ಟು ಚೆನ್ನಾಗಾಯ್ತು ಅಕ್ಕಾ. ಇದನ್ನ ಹೀಗೇ ಮನೆಗೆ ತಗೊಂಡು ಹೋಗ್ತೀನಿ. ಇವತ್ತೂ ಬೀಳಿಸಿ ಹೋದ್ರೆ ನಾನು ಮತ್ತೆ ಮೈದಾನದ ಕಡೆ ತಲೆ ಹಾಕಲ್ಲ, ನಿಜ ಹೇಳ್ತಿದೀನಿ."

ಅಕ್ಕನ ಮುಖ ಕೆಂಪಾಯಿತು. ಸರಿ, ಈಗ ಸಿಡಿಯುತ್ತಾಳೆ ಎಂದು ಕೊಕ್ಕರೆ ಹಲ್ಲು ಕಚ್ಚಿ ನಿಂತಳು. ಆದರೆ ಅಕ್ಕ ಬೇಲಿಯ ಕಂಬಿಯನ್ನು ಹಿಡಿದುಕೊಂಡು ಮೆಲ್ಲಗೆ ಅಂದಳು, "ನಾನು ಆಟ ಬಿಟ್ಟು ಒಂಬತ್ತು ವರ್ಷ ಆಯ್ತಲ್ಲ. ಗೆದ್ದಿದ್ದು ಒಂದೂ ಸರಿಯಾಗಿ ನೆನಪಿಲ್ಲ ಕಣೇ. ಬೀಳಿಸಿದ್ದು ಕೇಳು, ಯಾವ ಊರು, ಎಷ್ಟು ಎತ್ತರ, ಬೆನ್ನು ತಗುಲ್ತೋ ಹಿಮ್ಮಡಿ ತಗುಲ್ತೋ, ಎಲ್ಲಾ ಒಪ್ಪಿಸ್ತೀನಿ."

ಆ ಕಡೆಯಿಂದ ತೀರ್ಪುಗಾರರು ಗಡಿಯಾರ ತೋರಿಸಿದರು.

"ಹೋಗಿ ಹೇಳೇ, ಪಾಪ ಆ ಮನುಷ್ಯ ಕಾಯ್ತಿದಾರೆ," ಎಂದಳು ಅಕ್ಕ. "ನಾಡಿದ್ದು ಮಾತ್ರ ಸರಿಯಾಗಿ ಐದು ಗಂಟೆಗೆ ಮೈದಾನದಲ್ಲಿರ್ಬೇಕು."

"ನಾಳೆ?"

"ನಾಳೆ ಸೊಂಪಾಗಿ ನಿದ್ದೆ ಮಾಡು."

ಕೊಕ್ಕರೆ ಹೋಗಿ, "ಮುಗೀತು ಸಾರ್, ಇಷ್ಟೇ" ಎಂದಳು. ತೀರ್ಪುಗಾರರು ಕನ್ನಡಕದ ಮೇಲಿಂದ ನೋಡಿದರು. "ದಾಖಲೆ ಬೇಡ್ವೇನಮ್ಮಾ?" "ಅದೆಲ್ಲಿಗೆ ಹೋಗುತ್ತೆ ಸಾರ್, ಅಲ್ಲೇ ಇರುತ್ತೆ." ಅವರು ಚಾಚಿದ ಹಾಳೆಗೆ ಅವಳು ರುಜು ಹಾಕಿದಳು. ಹಾಕಿ ಮುಗಿದ ಮೇಲೆ ನೋಡುತ್ತಾಳೆ, ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗೆ ಉಸಿರು ಸರಾಗವಾಗಿ ಬರುತ್ತಿತ್ತು. ಅಯ್ಯೋ, ಗೆಲ್ಲುವುದು ಅಂದರೆ ಇಷ್ಟು ಹಗುರವೇ! ನಗು ಬಂತು, ಅಳುವೂ ಬಂತು. ಅಷ್ಟು ಹೊತ್ತಿಗೆ ಅಕ್ಕ ಬೇಲಿ ದಾಟಿ ಬಂದು ಅವಳ ಹೆಗಲ ಮೇಲೆ ಟವೆಲ್ ಎಸೆದಳು. "ನಮ್ಮ ವಂಶದಲ್ಲಿ ಬಾರ್ ದಾಟಿ ನೆಟ್ಟಗೆ ಮನೆಗೆ ಬರ್ತಿರೋಳು ನೀನೊಬ್ಳೇ ಕಣೇ. ಅಪ್ಪಂಗಂತೂ ಸಂಬಳದ ದಿನ ಅದು ಕೊನೇವರೆಗೂ ಆಗ್ಲಿಲ್ಲ!" ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೈದಾನ ಖಾಲಿಯಾಗುತ್ತ ಬಂತು. ಬಿದ್ದ ಬಾರನ್ನು ಎತ್ತಿಡುವ ಕೆಲಸದ ಮುದುಕ ಸಾಮಾನು ಒಳಗಿಡಲು ಬಂದವನು, ಅಭ್ಯಾಸಬಲದಿಂದ ನೇರ ಮೆತ್ತೆಯ ಹತ್ತಿರ ಹೋಗಿ ಬಗ್ಗಿದ. ಅಲ್ಲಿ ಏನೂ ಇರಲಿಲ್ಲ. ನಿಧಾನವಾಗಿ ಸೊಂಟ ನೆಟ್ಟಗೆ ಮಾಡಿ ಮೇಲೆ ನೋಡಿದ.

"ಇಪ್ಪತ್ತಾರು ವರ್ಷ ಆಯ್ತಮ್ಮಾ ಈ ಕೆಲಸಕ್ಕೆ," ಎಂದ. "ಆಟ ಮುಗಿದ ಮೇಲೆ ಇದನ್ನ ಮೇಲಿಂದ ಇಳಿಸ್ಕೊಳ್ತಿರೋದು ಇವತ್ತೇ ಮೊದಲು."